ನಳಿಗೆಯೊಳಗಿನ ಕಿಟ್ಟ

ಶಿರಾದ ಪಂಪ್‌ಸೆಟ್ ಮೆಕ್ಯಾನಿಕ್ ಸಂಜೀವಯ್ಯ ಕೆಟ್ಟ ಕೆಲಸ ಮಾಡಿಕೊಟ್ಟವನಲ್ಲ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಒಂದು ಸಲ ಮಾತ್ರ ಮಾಡಿದ, ಬೇಕೆಂದೇ ಮಾಡಿದ.

ಅವನ ಬೆಂಚಿನ ಮೇಲೆ ರೈಫಲ್ ತಂದು ಎಸೆದವನು ರಸ್ತೆ ಕಂಟ್ರಾಕ್ಟರ್ ಜಯರಾಮಯ್ಯ. ಭಾನುವಾರ ಬಂತೆಂದರೆ ಅವನ ಜೀಪು ಬುಕ್ಕಾಪಟ್ಟಣದ ಕುರುಚಲು ಕಾಡಿಗೆ ನುಗ್ಗುತ್ತಿತ್ತು. ಜಿಂಕೆ ಹೊಡೆಯಬಾರದೆಂಬ ಕಾನೂನು ಬಂದು ವರ್ಷಗಳಾಗಿದ್ದವು; ಅದನ್ನು ಓದಬಲ್ಲವರೇ ಅವನ ಮನೆಯಲ್ಲಿ ಕೂತು ಮೂಳೆ ಚೀಪುತ್ತಿದ್ದರು.

ಹಿಡಿಯ ಮೇಲೆ ಒಣಗಿದ ರಕ್ತ, ಅದಕ್ಕೆ ಅಂಟಿದ ಕೂದಲು. ನಳಿಗೆಯೊಳಗೆ ಮಸಿಯೂ ತಾಮ್ರವೂ ಸೇರಿ ಕಿಟ್ಟಗಟ್ಟಿತ್ತು. ನಾತಕ್ಕೆ ಸಂಜೀವಯ್ಯ ಮುಖ ತಿರುಗಿಸಿದ.

“ಎಣ್ಣೆ ಬುಟ್ಟು ಎರಡು ದಿನ ನೆನೀಬೇಕು ಸಾಮಿ. ಆಮ್ಯಾಕೆ ಕೈಯಾಗೇ ತಿಕ್ಬೇಕು.”

“ನೆನೆಯಾಕೆ ಅದೇನು ಉಪ್ಪಿನಕಾಯೇನ್ಲಾ? ಡ್ರಿಲ್ ಮಿಷನ್ನಿಗೆ ತಂತಿ ಬ್ರಷ್ ಸಿಗ್ಸಿ ಹೊಡಿ!”

“ಒಳಗೆ ಸುರುಳಿ ಗೀರು ಅವೆ. ಅವು ಸವೆದ್ರೆ ಗುಂಡು ನೆಟ್ಟಗೆ ಹೋಗಲ್ಲ.”

“ಪಂಪು ಬಿಚ್ಚೋನು ನಂಗೆ ಕೋವಿ ಪಾಠ ಹೇಳ್ತೀಯಾ?”

ಸವೆಯಲಿ, ಜಿಂಕೆಗಳಾದರೂ ಬದುಕಿಕೊಂಡಾವು ಎಂದು ಸಂಜೀವಯ್ಯ ಒಳಗೇ ನಕ್ಕ. ಉದ್ದ ಸರಳಿಗೆ ಉಕ್ಕಿನ ಬ್ರಷ್ಷು ಕಟ್ಟಿ, ಅದರ ಮೇಲೆ ಉಪ್ಪುಕಾಗದ ಸುತ್ತಿ, ಕರೆಂಟು ಹೋಗುವ ತನಕ ಡ್ರಿಲ್ ಓಡಿಸಿದ. ನಳಿಗೆ ಥಳಥಳಿಸಿತು. ಜಯರಾಮಯ್ಯ ಒಂದು ಕಣ್ಣು ಮುಚ್ಚಿ ಒಳಗೆ ನೋಡಿ, “ಇಷ್ಟೇಯಾ!” ಎಂದು ಹೋದ.

ಮೂರು ವಾರದ ಮೇಲೆ ಆ ಕಾಡಿನಂಚಿನಲ್ಲಿ ಆಡು ಕಾಯುವ ಜುಂಜಮ್ಮ ಮಚ್ಚಿಗೆ ಸಾಣೆ ಹಿಡಿಸಲು ಬಂದಳು.

“ಏನ್ ಜುಂಜಕ್ಕ, ನಿಮ್ಮ ಕಡೆ ಜಿಂಕೆ ಚೆಂದಾಗವಾ?”

“ಚೆಂದ ಬೇರೆ ಕೇಡು! ಮುಂಚೆ ಒಂದೇ ಏಟಿಗೆ ಸಾಯ್ತಿದ್ವು ಕಣಪ್ಪ. ಈಗ ಒಂದ್ರ ದವಡೆ ಹಾರೋಗಿ, ನೀರು ಕುಡಿಯಾಕಾಗ್ದೆ ಕಟ್ಟೆತಾವ ಮೂರು ದಿನ ನಿಂತಿತ್ತು. ಇನ್ನೊಂದು ಕರುಳು ಎಳ್ಕೊಂಡು ತಿರುಗ್ತಿತ್ತು, ಹುಳ ಬಿದ್ದಿದ್ವು. ನಾನೇ ಕಡ್ದೆ. ಮೊಂಡು ಮಚ್ಚು, ಒಂದೇ ಏಟಿಗೆ ಹೋಗ್ಲಿಲ್ಲ. ಅದ್ಕೇ ತಂದೆ.”

ಪಾಪದ ಕೆಲಸವನ್ನು ಕೆಟ್ಟದಾಗಿ ಮಾಡಿದರೆ ಪುಣ್ಯವಾಗುತ್ತದೆಂದು ನಂಬಿದ್ದ ಬುದ್ಧಿವಂತ! ಸಾಣೆ ಹಿಡಿಯುತ್ತಾ ಸಂಜೀವಯ್ಯನಿಗೆ ತನ್ನ ಕೈಗಳ ಮೇಲೆಯೇ ಅಸಹ್ಯ ಹುಟ್ಟಿತು.

ಮುಂದಿನ ಭಾನುವಾರ ಜಯರಾಮಯ್ಯ ಮತ್ತೆ ಬಂದ. “ಲೇ, ಗುಂಡು ಅಡ್ಡಾದಿಡ್ಡಿ ಹೋಗ್ತೈತೆ. ಇನ್ನೊಂದ್ಸಲ ಡ್ರಿಲ್ ಹಾಕು,” ಎಂದು ರೈಫಲ್ ಇಟ್ಟು ಕಾಫಿಗೆ ನಡೆದ.

ಸಂಜೀವಯ್ಯ ಒಳಗೆ ಗುಂಡಿಲ್ಲವೆಂದು ಎರಡು ಸಲ ನೋಡಿದ. ನಳಿಗೆಯ ಬಾಯಿಗೆ ಕಬ್ಬಿಣದ ತುಂಡು ತುರುಕಿ ವೆಲ್ಡಿಂಗ್ ಹೊಡೆದ.

ಕಾಫಿ ಕುಡಿದು ಬಂದ ಜಯರಾಮಯ್ಯ ಮುಚ್ಚಿದ ನಳಿಗೆ ಕಂಡು ಅರಚಿದ, “ಏನ್ಲಾ ಮಾಡ್ದೆ ಬೋಳಿಮಗನೆ?”

“ರಿಪೇರಿ ಸಾಮಿ. ಮೊದ್ಲು ಕೆಡಿಸಿದ್ದೂ ನಾನೇ. ಬನ್ನಿ ಸ್ಟೇಷನ್ನಿಗೆ, ಯಾಕೇಂತ ಅಲ್ಲೇ ಹೇಳ್ತೀನಿ.”

ಜಯರಾಮಯ್ಯ ಸ್ಟೇಷನ್ನಿಗೆ ಹೋಗಲಿಲ್ಲ. ಇವನ ಕಪಾಳಕ್ಕೆ ಬಾರಿಸಿ ಜೀಪು ಹತ್ತಿದ. ವಾರದೊಳಗೇ ಹೊಸ ರೈಫಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಿದ; ಸನ್ನಡತೆಯ ಮನುಷ್ಯನೆಂದು ಊರಿನ ನಾಲ್ಕು ದೊಡ್ಡವರು ಅದಕ್ಕೆ ರುಜು ಮಾಡಿಕೊಟ್ಟರು.