ತಂಗಿ ಮೂಸಿದ ಕೊರಡು

ಬೀದಿಯವರೆಲ್ಲ ಅವನನ್ನು ಕಾಡಿಗೆ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಮಾಂಸಕ್ಕೆ ಹೊಗೆ ಕೊಟ್ಟು ಕೊಟ್ಟು ಅವನ ಕಣ್ಣಿನ ಸುತ್ತ ನೆಲೆಸಿದ್ದ ಕಪ್ಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಕಸುಬು ಅಪ್ಪನಿಂದ ಬಂದದ್ದು. ಅಪ್ಪನಿಗೆ ಕೆಮ್ಮು ಹತ್ತಿ, ಡಾಕ್ಟರು ಹೊಗೆಯಿಂದ ದೂರವಿರಿ ಎಂದ ಮೇಲೆ ಇಟ್ಟಿಗೆ ಗೂಡು, ಕೊಕ್ಕೆಗಳು, ಗಿರಾಕಿಗಳು ಎಲ್ಲ ಮಗನ ಪಾಲಿಗೆ ಬಂದವು. ಮೂಗು ಮಾತ್ರ ತಂಗಿಯ ಪಾಲಿಗೆ ಹೋಯಿತು.

ತಂಗಿ ಮದುವೆಯಾದದ್ದು ಅದೇ ಬೀದಿಯ ದರ್ಜಿಯನ್ನು. ಹನ್ನೊಂದು ವರ್ಷದ ಹಿಂದೆ ಗಂಡನ ಅಂಗಡಿಯ ಹಿಂದಿನ ಅಂಗಳದಲ್ಲಿ ಒಂದು ಹಳೇ ಡ್ರಮ್ ನಿಲ್ಲಿಸಿ ತಾನೂ ಅದೇ ಕೆಲಸ ಶುರು ಮಾಡಿದಳು. ಎರಡೇ ತಿಂಗಳಲ್ಲಿ ಅವಳ ಬಾಗಿಲಲ್ಲಿ ಕ್ಯೂ. ಹೊಗೆ ಅಣ್ಣನದು, ಹೊಗಳಿಕೆ ತಂಗಿಯದು ಎಂಬಂತಾಯಿತು. ಗೂಡಿನ ಕಿಚ್ಚು ಆರಿದ ದಿನವೂ ಅವನ ಹೊಟ್ಟೆಯ ಕಿಚ್ಚು ಆರುತ್ತಿರಲಿಲ್ಲ.

ಕ್ಯೂವನ್ನಾದರೂ ಹೇಗೋ ಸಹಿಸಬಹುದಿತ್ತು. ಅಪ್ಪನನ್ನು ಸಹಿಸುವುದು ಕಷ್ಟ. ಮಗನ ಮನೆಯಲ್ಲೇ ಇದ್ದು, ಮಗನ ಗೂಡಿನ ಮಾಂಸವನ್ನೇ ತಿಂದು, ಬಾಯಿ ಒರೆಸಿಕೊಂಡು ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಅವಳ ಹತ್ರ ಇವತ್ತು ಏನು ಕಟ್ಟಿಗೆ?" ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ 'ಚೆನ್ನಾಗಿದೆ' ಎಂದವರಲ್ಲ.

ಬರುವ ಭಾನುವಾರ ಅಪ್ಪನಿಗೆ ಎಂಬತ್ತು ತುಂಬುವುದಿತ್ತು. ಮನೆಮಂದಿಯೆಲ್ಲ ಒಟ್ಟಿಗೆ ಊಟ. "ಮಾಂಸ ನಂದು," ಎಂದು ಕಾಡಿಗೆ ಮೊದಲೇ ಸಾರಿಬಿಟ್ಟ. ಅಪ್ಪನ ಬಾಯಿಂದ ಆ ಒಂದು ಮಾತು ಉದುರಿಸಲೇಬೇಕೆಂಬ ಹಟ.

ಕಟ್ಟಿಗೆ ಆರಿಸುವುದೇ ಈ ಕಸುಬಿನ ಅರ್ಧ ವಿದ್ಯೆ. ಕೋಳಿಗೆ ಕಿತ್ತಳೆ ಮರದ ಹೊಗೆ ಸರಿ, ಮಾವು ಹೆಚ್ಚಾದರೆ ಗಂಟಲು ಕೆರೆಯುತ್ತದೆ, ಕುರಿಯ ತೊಡೆಗೆ ವರ್ಷ ಒಣಗಿದ ಸೀಬೆಯಂಥದು ಇನ್ನೊಂದಿಲ್ಲ. ಇಷ್ಟೆಲ್ಲ ಅವನಿಗೂ ಬಾಯಿಪಾಠ. ಆದರೆ ಹತ್ತು ಸೀಬೆ ಕೊರಡುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಅವನ ಮೂಗು ಮೂಕವಾಗುತ್ತಿತ್ತು.

ಶುಕ್ರವಾರ ಸೌದೆ ಡಿಪೋದಲ್ಲಿ ರಾಶಿಯ ಹಿಂದೆ ನಿಂತು ತಂಗಿಯನ್ನೇ ನೋಡಿದ. ಅವಳು ಒಂದೊಂದು ಕೊರಡಿನ ತೊಗಟೆಯನ್ನೂ ಉಗುರಿನಿಂದ ಕೆರೆದು, ಒಮ್ಮೆ ಮೂಸಿ, ಪಕ್ಕಕ್ಕಿಡುತ್ತಿದ್ದಳು. ಒಂದು ದಪ್ಪ ಕೊರಡನ್ನು ಮಾತ್ರ ಮೂಸಿ, ಕಣ್ಣು ಮುಚ್ಚಿ, ತಿರುಗಿಸಿ, ಮತ್ತೆ ಮೂಸಿದಳು. ಒಟ್ಟು ನಾಲ್ಕು ಸಲ. ಅಷ್ಟರಲ್ಲಿ ಫೋನ್ ಬಂತು. ಕೊರಡನ್ನು ಅಲ್ಲೇ ಬಿಟ್ಟು, ಆರಿಸಿದ್ದನ್ನು ಗಾಡಿಗೆ ಹಾಕಿಸಿಕೊಂಡು ಹೊರಟಳು. ಕಾಡಿಗೆ ಧಾವಿಸಿ ಬಂದು ಆ ಕೊರಡನ್ನು ಕೊಂಡು, ಎಳೆಗೂಸಿನಂತೆ ಎದೆಗವಚಿಕೊಂಡು ಮನೆಗೆ ತಂದ.

"ಏನ್ರೀ ಇಷ್ಟು ಮುದ್ದು?" ಎಂದಳು ಹೆಂಡತಿ. "ನನ್ನನ್ನ ಮದುವೆ ದಿನಾನೂ ಹೀಗೆ ಹಿಡ್ಕೊಂಡಿರ್ಲಿಲ್ಲ."

"ನಿನ್ನನ್ನ ನನ್ನ ತಂಗಿ ನಾಲ್ಕು ಸಲ ಮೂಸಿರ್ಲಿಲ್ಲ."

ಶನಿವಾರ ಕೊರಡು ಸೀಳಿ, ಒಂದು ತುಂಡು ಮಾಂಸಕ್ಕೆ ಹೊಗೆ ಕೊಟ್ಟು ನೋಡಿದ. ಹೆಂಡತಿ ಬಾಯಿಗಿಟ್ಟವಳು ಅಗಿಯುವುದನ್ನೇ ನಿಲ್ಲಿಸಿದಳು. "ಮಳೆಗಾಲ ಪೂರ್ತಿ ಮುಚ್ಚಿಟ್ಟ ಕಪಾಟು ನೆಕ್ಕಿದ ಹಾಗಿದೆ."

ನಾಳೆಯ ಊಟಕ್ಕೆ ಏನೇನು ತರಬೇಕೆಂದು ಕೇಳಲು ಸಂಜೆ ತಂಗಿಯೇ ಬಂದಳು. ಸೀಳಿದ ಕೊರಡನ್ನು ನೋಡಿದ್ದೇ ಸೊಂಟದ ಮೇಲೆ ಕೈಯಿಟ್ಟಳು.

"ಅಣ್ಣಾ, ಇದನ್ನ ಯಾಕೆ ತಂದೆ?"

"ನೀನೇ ನಾಲ್ಕು ಸಲ ಮೂಸಿದ್ಯಲ್ಲ."

"ಚೆನ್ನಾಗಿದ್ರೆ ಒಂದು ಸಲ ಸಾಕು ಕಣೋ. ಒಳಗೆ ಬೂಷ್ಟು ಹಿಡಿದಿರಬಹುದು ಅಂತ ಅನುಮಾನ, ಅದಕ್ಕೇ ಅಷ್ಟು ಮೂಸಿದ್ದು." ನಗು ತಡೆಯಲು ತುಟಿ ಕಚ್ಚಿದಳು. "ನನ್ನ ಹಿಂದೆ ಪತ್ತೇದಾರಿ ಕೆಲಸ ಬೇರೆ."

ಹೋದವಳೇ ತಾನು ಆರಿಸಿದ ಸೀಬೆ ಕಟ್ಟಿಗೆ ಒಂದು ಹೊರೆ ಕಳಿಸಿದಳು. ಬೇಡ ಎನ್ನಲು ಬಾಯಿ ತೆರೆದ ಕಾಡಿಗೆ, ಕಪಾಟಿನ ರುಚಿ ನೆನಪಾಗಿ ಮುಚ್ಚಿಕೊಂಡ.

ಭಾನುವಾರ ಬೆಳಿಗ್ಗೆ ಆರಕ್ಕೆ ಗೂಡಿನ ಮುಂದೆ ಕುಳಿತ. ಉರಿ ಎದ್ದರೆ ಬೂದಿ ಮುಚ್ಚಿ, ಮಂಕಾದರೆ ಊದಿ, ಏಳು ತಾಸು ನೀಲಿ ನೂಲಿನಂಥ ಹೊಗೆಯನ್ನು ಒಂದೇ ಹದದಲ್ಲಿ ಕಾದ. ತಿಂಡಿಗೂ ಏಳಲಿಲ್ಲ.

ಊಟಕ್ಕೆ ಕುಳಿತ ಅಪ್ಪ ಒಂದು ತುಂಡು ತಿಂದರು. ಇನ್ನೊಂದು ತಿಂದರು. "ಚೆನ್ನಾಗಿದೆ," ಎಂದರು.

ಕಾಡಿಗೆ ತಂಗಿಯ ಕಡೆ ನೋಡಿದ. ಬಾರದ ಮಾತು ಬಂತು, ಅದೂ ತಂಗಿಯ ಕಟ್ಟಿಗೆಯ ದೆಸೆಯಿಂದ. ಅವಳೋ ತಲೆ ತಗ್ಗಿಸಿ ತಿನ್ನುತ್ತಿದ್ದಳು. ಒಂದು ಮಾತು ಹಂಗಿಸಿದ್ದರೂ ಸಹಿಸಬಹುದಿತ್ತು, ಆ ಮೌನ ಸಹಿಸಲಾಗಲಿಲ್ಲ.

"ಕಟ್ಟಿಗೆ ಅವಳದ್ದಪ್ಪ," ಎಂದುಬಿಟ್ಟ.

"ಗೊತ್ತು. ನನಗಿನ್ನೂ ಮೂಗಿದೆ," ಎಂದರು ಅಪ್ಪ. "ಇಂಥದ್ದೇ ಕಟ್ಟಿಗೇಲಿ ಅವಳು ಮಾಡಿದ್ದೂ ತಿಂದಿದ್ದೀನಿ. ಬೆಂಕಿ ಮುಂದೆ ಕೂರೋ ತಾಳ್ಮೆ ಅವಳಿಗಿಲ್ಲ. ಇದು ಕೂತು ಮಾಡಿದ್ದು."

ತಂಗಿಯ ಕೈ ತಟ್ಟೆಯಲ್ಲೇ ನಿಂತಿತು. "ನನ್ನ ಬೆಂಕಿಗೆ ಏನಾಗಿದೆ?"

ಅಪ್ಪ ಮೂಳೆ ಚೀಪತೊಡಗಿದರು. ಅವಳು ಅಪ್ಪನ ತಟ್ಟೆಯನ್ನು ನೋಡಿದಳು, ಆಮೇಲೆ ಅಣ್ಣನನ್ನು. ಆ ನೋಟದ ಒಳಹೊರಗೆಲ್ಲ ಅವನಿಗೆ ಗೊತ್ತಿತ್ತು. ಹನ್ನೊಂದು ವರ್ಷ ಅದನ್ನು ತಾನೇ ಹೊತ್ತು ತಿರುಗಿದ್ದ.

"ನಾಳೆ ಗೂಡು ಎಷ್ಟು ಹೊತ್ತಿಗೆ ಹಚ್ತೀಯ?" ಎಂದಳು, ಏನೂ ಆಗದವಳ ಹಾಗೆ.

"ಯಾಕೆ?"

"ಸುಮ್ನೆ ಕೇಳಿದೆ."

ಕಾಡಿಗೆ ಇನ್ನೊಂದು ತುಂಡು ಬಡಿಸಿಕೊಂಡ. ಹೊತ್ತು ಮಾತ್ರ ಹೇಳಲಿಲ್ಲ.