ಬಣ್ಣ ಹಚ್ಚಿಕೊಂಡು ಆಡಿದ ಮಾತು

ನಮ್ಮೂರಿನಲ್ಲಿ ತಲೆ ನರೆತ ಯಾರನ್ನಾದರೂ ಕೇಳಿ, ಈಜು ಕಲಿಸಿದ್ದು ಯಾರು ಅಂತ. ಕೋದಂಡರಾಮಪ್ಪ ಅನ್ನುತ್ತಾರೆ. ಗಂಡು ಹೆಣ್ಣು ಅನ್ನದೆ ಊರಿನ ಮಕ್ಕಳನ್ನೆಲ್ಲ ಹಿಡಿದು ಹಿಡಿದು ಬಾವಿಗೆ ನೂಕಿದ ಮನುಷ್ಯ. ಬೈಯುವುದರಲ್ಲಿ ಎತ್ತಿದ ಕೈ. "ಕಾಲು ಬಡಿಯೋ ಮುಂಡೇದೇ, ನಿಮ್ಮಮ್ಮನ್ ಹೊಟ್ಟೆ ಉರಿಸ್ತೀಯಾ?" ಅಂತ ದಡದಲ್ಲಿ ನಿಂತು ಕೂಗುತ್ತಿದ್ದ. ಕೆಲವರು ಹುಚ್ಚ ಅಂದರು, ಕೆಲವರು ಪುಣ್ಯಾತ್ಮ ಅಂದರು. ಎರಡೂ ಸುಳ್ಳು. ಅವನು ನನ್ನ ಸೋದರಮಾವ, ಜನ್ಮವೆಲ್ಲ ಹೆದರಿಕೊಂಡೇ ಬದುಕಿದವನು. ಆ ಹೆದರಿಕೆಯನ್ನು ಹುಟ್ಟಿಸಿದವನೂ ಅವನೇ, ಅದೂ ಈ ಭಾರತಮ್ಮನ, ಅಂದರೆ ನನ್ನ, ಅಂಗೈ ಹಿಡಿದುಕೊಂಡು. ಹಾಗಾಗಿ ಅವನ ಕಥೆ ಹೇಳುವ ಹಕ್ಕು ನನ್ನದು. ಬೇರೆಯವರು ಬಾಯಿ ಮುಚ್ಚಿಕೊಂಡು ಕೇಳಲಿ.

ಸಾವಿರದ ಒಂಬೈನೂರ ಮೂವತ್ತೆರಡನೇ ಇಸವಿ ಇರಬೇಕು. ಮುಳಬಾಗಿಲಿಗೆ ಎರಡು ಹರಿದಾರಿ ದೂರದ ನಮ್ಮೂರಲ್ಲಿ ಸುಗ್ಗಿ ಮುಗಿದರೆ ಕೇಳಿಕೆ ಆಡುತ್ತಿದ್ದರು. ಬಯಲಲ್ಲಿ ಚಪ್ಪರ ಹಾಕಿ, ಮುಖಕ್ಕೆ ಬಣ್ಣ ಬಳಿದು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕುಣಿದು ಹಾಡುವ ಆಟ. ಶ್ರೀನಿವಾಸಪುರದ ಕಡೆಯ ಗಂಗುಲಪ್ಪ ಮೇಷ್ಟ್ರು ಕಲಿಸುತ್ತಿದ್ದರು. ಹಗಲೆಲ್ಲ ರಾಗಿ ಹೊಲದಲ್ಲಿ ದುಡಿಯುವ ನಮ್ಮ ಮಾವನಿಗೆ ಆಟದಲ್ಲಿ ಕಣಿ ಹೇಳುವ ಹೆಂಗಸಿನ ವೇಷ. ಸೀರೆ ಉಟ್ಟು, ಕಂಕುಳಲ್ಲಿ ಬುಟ್ಟಿ ಇಟ್ಟುಕೊಂಡು ಬಂದು ರಾಜನಿಗೆ ಭವಿಷ್ಯ ಹೇಳಬೇಕು. 'ನಿನಗೆ ನಿನ್ನ ಮಗನಿಂದಲೇ ಸಾವು' ಅನ್ನಬೇಕು. ರಾಜ ಹೆದರಿ ಮಗನನ್ನು ಕಾಡಿಗೆ ಅಟ್ಟುತ್ತಾನೆ, ಅದೇ ಕಾಡಿನಿಂದ ಮಗ ಬಂದು ರಾಜನನ್ನು ಮುಗಿಸುತ್ತಾನೆ.

ಆ ಸಲ ರಾಜನ ಕಿರೀಟದ ದಾರ ಕಿತ್ತುಹೋಯಿತು. ಹೊಲಿಯುವ ತನಕ ಆಟ ಬೆಳೆಸು ಅಂತ ಮೇಷ್ಟ್ರು ಪರದೆಯ ಹಿಂದಿನಿಂದ ಕೈಸನ್ನೆ ಮಾಡಿದರು. ಮಾವ ಜನರ ನಡುವೆ ಇಳಿದು ಸಿಕ್ಕಿದವರ ಕೈ ಹಿಡಿದು ಕಣಿ ಹೇಳತೊಡಗಿದ. ಒಬ್ಬನಿಗೆ ಎಮ್ಮೆ ಹೆಣ್ಣುಗರು ಹಾಕುತ್ತದೆ ಅಂದ, ಇನ್ನೊಬ್ಬನಿಗೆ ಎರಡನೇ ಹೆಂಡತಿ ಅಂದ. ಜನ ಬಿದ್ದು ಬಿದ್ದು ನಕ್ಕರು. ದಾರ ಇನ್ನೂ ಹೊಲಿದಾಗಿರಲಿಲ್ಲ. ಮುಂದೆಯೇ ಅವನ ತಂಗಿ ಬೈರಮ್ಮ, ಅಂದರೆ ನನ್ನಮ್ಮ, ಮೂರು ತಿಂಗಳ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಕ್ಕು ನಕ್ಕು ಜನಕ್ಕೆ ಸಾಕಾಗಿದೆ, ಸ್ವಲ್ಪ ಹೆದರಿಸೋಣ ಅನ್ನಿಸಿತಂತೆ ಅವನಿಗೆ. ನನ್ನ ಅಂಗೈ ಬಿಡಿಸಿ, "ಹನ್ನೆರಡು ತುಂಬೋದ್ರೊಳಗೆ ಈ ಕೂಸಿಗೆ ಜಲಗಂಡ ಐತೆ ತಾಯಿ, ನೀರು ಕರೀತೈತೆ" ಅಂದ.

ಬಯಲೆಲ್ಲ ಗಪ್‌ಚಿಪ್ಪಾಯಿತು. ಆ ಮೌನ ಅವನಿಗೆ ಬಹಳ ಹಿಡಿಸಿತಂತೆ. ಅದನ್ನು ಅವನೇ ನನ್ನ ಮುಂದೆ ಒಪ್ಪಿಕೊಂಡಿದ್ದಾನೆ.

ಬೆಳಗಾಗುವ ಹೊತ್ತಿಗೆ ಅಮ್ಮ ಮನೆಯ ನೀರಿನ ಹಂಡೆಗೆ ಹಲಗೆ ಮುಚ್ಚಿ, ಮೇಲೆ ಒರಳುಗಲ್ಲು ಹೇರಿದ್ದಳು.

ಮಾವ ಓಡಿ ಬಂದ. "ಲೇ ಬೈರಾ, ನಾನ್ ಸುಮ್ಕೆ ಅಂದಿದ್ದು ಕಣೇ. ಕಿರೀಟದ ದಾರ ಕಿತ್ತೋಗಿತ್ತು, ಹೊತ್ತು ಕಳೀಬೇಕಿತ್ತು. ಬೇಕಾದ್ರೆ ಮೇಷ್ಟ್ರನ್ನ ಕೇಳು."

"ಬಣ್ಣ ಹಚ್ಕೊಂಡಾಗ ನೀನು ನಮ್ಮಣ್ಣ ಅಲ್ಲ" ಅಂದಳು ಅಮ್ಮ. ಬಣ್ಣ ತೊಳೆದು ಕರ್ಪೂರ ಹಚ್ಚುವ ತನಕ ವೇಷದವನು ಮನೆಯವರ ಹತ್ತಿರ ಮಾತಾಡಬಾರದು, ಆಡಿದರೆ ಅದು ಅವನ ಮಾತಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ. ಅದನ್ನು ಮರೆತು ತಂಗಿಯ ಮುಂದೆ ಕೂತಿದ್ದ, ಪಾಪಿ.

ಮೇಷ್ಟ್ರೂ ಬಂದು ಹೇಳಿದರು, ದಾರ ಕಿತ್ತಿದ್ದು ನಿಜ ಅಂತ. ಅಮ್ಮ ಅವರನ್ನೇ ದುರುಗುಟ್ಟಿ ನೋಡಿದಳು. "ಆ ದಾರ ಅದೇ ಹೊತ್ಗೆ ಯಾಕ್ ಕಿತ್ಕೋಬೇಕಿತ್ತು ಮೇಷ್ಟ್ರೇ? ಅದನ್ ಹೇಳಿ ನಂಗೆ."

ಮಾವನ ಎದೆಯೊಳಗೆ ಭಯ ಹೊಕ್ಕಿದ್ದು ಆಗಲೇ. ಎರಡು ತಿಂಗಳಿಗೆ ಆ ಎಮ್ಮೆ ಹೆಣ್ಣುಗರು ಹಾಕಿತು. ಅಂದದ್ದು ನಿಜವಾಯಿತಲ್ಲ ಅಂತ ಮಾವ ಮೂರು ದಿನ ಅನ್ನ ಮುಟ್ಟಲಿಲ್ಲ. ಆಮೇಲೆ ಬಣ್ಣವನ್ನೂ ಮುಟ್ಟಲಿಲ್ಲ.

ನಾನು ಬೆಳೆದದ್ದು ಹೀಗೆ: ಸ್ನಾನಕ್ಕೆ ಒಂದೇ ಚೊಂಬು, ಅದೂ ಅಮ್ಮನ ಕೈಯಿಂದ. ಕೆರೆಯ ಕಡೆ ತಲೆ ಹಾಕುವಂತಿಲ್ಲ. ಮಳೆ ಬಂದರೆ ಒಳಗೆ ಹಾಕಿ ಚಿಲಕ. ನನ್ನ ವಯಸ್ಸಿನ ಹುಡುಗಿಯರು ತೇಲಲು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕುತ್ತಿದ್ದರೆ ನಾನು ಆ ಸದ್ದು ಕೇಳಿಕೊಂಡು ಅವರೆಕಾಯಿ ಬಿಡಿಸುತ್ತಿದ್ದೆ. ಅಪ್ಪ ಇಲ್ಲದ ಮನೆ, ನೀರೆಲ್ಲ ಅಮ್ಮನೇ ಹೊರಬೇಕು. ಹಂಡೆ ಇರುವ ಮನೆಯಲ್ಲಿ ನನ್ನೊಬ್ಬಳನ್ನೇ ಬಿಡಲು ಧೈರ್ಯವಿಲ್ಲ, ಹಾಗಾಗಿ ಜೊತೆಗೆ ಕರೆದುಕೊಂಡು ಹೋಗುವಳು. ಹೊಲದ ಮೆಟ್ಟಿಲಬಾವಿಗೆ ಇಪ್ಪತ್ತು ಹೆಜ್ಜೆ ಇರುವಾಗ ಹುಣಸೆಮರದ ಕೆಳಗೆ ಕಾಲಿನ ಹೆಬ್ಬೆಟ್ಟಿನಿಂದ ಒಂದು ಗೆರೆ ಗೀಚಿ, "ಇದನ್ ದಾಟಿದ್ರೆ ನಾನ್ ಸತ್ತಂಗೆ" ಅನ್ನುವಳು. ದಿನಾ ಅಲ್ಲೇ ಗೀಚಿ ಗೀಚಿ ನೆಲದಲ್ಲಿ ಬೆರಳು ಇಳಿಯುವಷ್ಟು ಕುಳಿ ಬಿದ್ದಿತ್ತು.

ಒಮ್ಮೆ ಕೇಳಿದೆ, "ಆಟದಾಗಿನ ರಾಜ ಏನ್ ಮಾಡಿದ್ರೂ ತಪ್ಪಿಸ್ಕೊಳ್ಳಾಕ್ ಆಗ್ಲಿಲ್ಲ ಅಲ್ವೇನಮ್ಮ?"

"ಅವನು ರಾಜ, ಮಗೀನ ಆಳುಗಳ ಕೈಗ್ ಕೊಟ್ಟ. ನಾನು ತಾಯಿ, ಯಾರ್ ಕೈಗೂ ಕೊಡಲ್ಲ" ಅಂದಳು.

ನನಗೆ ಹನ್ನೊಂದು ತುಂಬಿದ ದಿನ ಮಾವ ಎರಡು ಒಣಗಿದ ಸೋರೆಬುರುಡೆ ಹಿಡಿದುಕೊಂಡು ಬಂದ. "ಬೈರಾ, ಕೇಳಿಲ್ಲಿ. ಈಜು ಬಂದ್ರೆ ಯಾವ ಗಂಡವೂ ಏನೂ ಮಾಡಾಕಿಲ್ಲ. ನಾನ್ ಕಲಿಸ್ತೀನಿ, ಕೈ ಬಿಡಲ್ಲ."

ಅಮ್ಮ ಕುಡುಗೋಲು ಎತ್ತಿಕೊಂಡಳು. "ನೀರು ಕರೀತೈತೆ ಅಂದೋನೂ ನೀನೇ, ನೀರಿಗ್ ಕರ್ಕೊಂಡ್ ಹೋಗೋನೂ ನೀನೇನಾ?"

ಮಾವ ಎರಡು ಹೆಜ್ಜೆ ಹಿಂದೆ ಸರಿದ. ಆ ಭಯ ಅವನಿಗೂ ಇತ್ತು. ನುಡಿದವನ ಕೈಯಿಂದಲೇ ಅದು ನಡೆದುಬಿಟ್ಟರೆ? ಬುರುಡೆಗಳನ್ನು ಮನೆಗೆ ಒಯ್ದು ಗೋಡೆಗೆ ನೇತುಹಾಕಿದ. ಅಂದು ಅವನು ಕುಡುಗೋಲಿಗೆ ಹೆದರದೆ ನನ್ನನ್ನು ಎಳೆದುಕೊಂಡು ಹೋಗಿದ್ದರೆ! ಈಗಲೂ ನೆನೆದರೆ ಅವನ ಮೇಲೆ ರೇಗುತ್ತದೆ.

ಹನ್ನೆರಡು ತುಂಬಲು ಹದಿನೆಂಟು ದಿನ ಉಳಿದಿತ್ತು. ಕಾರ್ತಿಕ ಮಾಸ, ನೆತ್ತಿಯ ಮೇಲೆ ಬಿಸಿಲು. ಊರಿನವರೆಲ್ಲ ದೂರದ ಹೊಲಗಳಲ್ಲಿ ರಾಗಿ ಕೊಯ್ಲಿಗೆ ಹೋಗಿದ್ದರು. ಹಿಂದಿನ ದಿನ ಬಿದ್ದ ಮಳೆಗೆ ಮೆಟ್ಟಿಲ ಪಾಚಿ ನೆನೆದಿತ್ತು. ಅಮ್ಮ ಗೆರೆ ಗೀಚಿ, ಬಿಂದಿಗೆ ಹಿಡಿದು ಇಳಿದಳು. ಬಿಂದಿಗೆ ಕಲ್ಲಿಗೆ ಬಡಿದ ಸದ್ದು ಕೇಳಿತು, ಆಮೇಲೆ ನೀರಿನ ಸದ್ದು.

"ಅಮ್ಮಾ!" ಅಂದೆ.

ಗೆರೆಯ ಆಚೆ ಹತ್ತು ಹೆಜ್ಜೆಯಲ್ಲಿ ಕಪಿಲೆಯ ಹಗ್ಗ ಸುತ್ತಿಟ್ಟಿತ್ತು, ಎತ್ತುಗಳಿಂದ ನೀರೆತ್ತಿಸುವ ದಪ್ಪ ಹಗ್ಗ. ಎಸೆಯಲು ಈಜು ಬರಬೇಕಾಗಿರಲಿಲ್ಲ. ನಾನು ಹಗ್ಗ ನೋಡಿದೆ, ಗೆರೆ ನೋಡಿದೆ. ಕಾಲು ಎತ್ತಿಯೂ ಎತ್ತಿದೆ. ಅಷ್ಟರಲ್ಲಿ ಅಮ್ಮ ಒಂದು ಸಲ ನೀರಿನ ಮೇಲೆ ಬಂದಳು, ದನಿ ಕೇಳಿತು. ನೀರು ತುಂಬಿದ ಬಾಯಲ್ಲಿ ಕಾಪಾಡು ಅನ್ನಲಿಲ್ಲ ಅವಳು.

"ದಾಟಬ್ಯಾಡ ಕಣೇ! ಗೆರೆ ದಾಟಬ್ಯಾಡ!"

ನಾನು ದಾಟಲಿಲ್ಲ. ಅಮ್ಮನ ಮಾತು ಮೀರದ ಮಗಳು ನಾನು. ಹೊಲದಿಂದ ಜನ ಬಂದಾಗಲೂ ಗೆರೆಯ ಈಚೆಯೇ ನಿಂತು ಕಿರುಚುತ್ತಿದ್ದೆನಂತೆ.

ಅಮ್ಮನನ್ನು ಮಣ್ಣು ಮಾಡಿದ ಮೇಲೆ ಮಾವ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಹದಿನೆಂಟು ದಿನ ನನ್ನ ಮಣಿಕಟ್ಟು ಬಿಡಲಿಲ್ಲ. ಉಣ್ಣುವಾಗಲೂ ಎಡಗೈಯಲ್ಲಿ ಹಿಡಿದುಕೊಂಡಿರುತ್ತಿದ್ದ. ಹನ್ನೆರಡು ತುಂಬಿದ ಮಾರನೇ ಬೆಳಿಗ್ಗೆ ಗೋಡೆಯ ಬುರುಡೆಗಳನ್ನು ಇಳಿಸಿ, ನನ್ನ ಸೊಂಟಕ್ಕೆ ಕಟ್ಟಿ, ಅದೇ ಬಾವಿಗೆ ನಡೆಸಿದ.

ಹುಣಸೆಮರದ ಕೆಳಗೆ ನನ್ನ ಕಾಲು ನಿಂತುಬಿಟ್ಟಿತು. ಗೆರೆ ಹಾಗೇ ಇತ್ತು.

"ದಾಟವ್ವಾ" ಅಂದ ಮಾವ.

"ಅಮ್ಮ ಬ್ಯಾಡ ಅಂದವ್ಳೆ ಮಾವ."

ಅವನು ಅಲ್ಲೇ ಮಂಡಿಯೂರಿ ಕೂತ. ಎರಡೂ ಕೈಯಿಂದ ಮಣ್ಣು ಬಾಚಿ ಬಾಚಿ ಆ ಕುಳಿಗೆ ತುಂಬಿದ. ತುಂಬಿ, ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡಿದ. "ನಾನ್ ಹೇಳಿದ್ದು ಸುಳ್ಳು ಕಣವ್ವಾ, ಸುಳ್ಳು, ದಾರ ಕಿತ್ತೋಗಿತ್ತು ಅಷ್ಟೇ" ಅಂತ ಮಗುವಿನ ಹಾಗೆ ಅತ್ತ. ಎಷ್ಟು ಹೊತ್ತು ಅತ್ತನೋ ಗೊತ್ತಿಲ್ಲ. ಕೊನೆಗೆ ನಾನೇ ಅವನ ಕೈ ಹಿಡಿದು ಎಬ್ಬಿಸಿ ಬಾವಿಯ ಕಡೆ ನಡೆದೆ.