ಧ್ರುವದ ಗಾಳಿಯಲ್ಲಿ ಸಿಕ್ಕ ಪುಡಿ

ಪರದೇಶಕ್ಕೆ ಬಂದು ವಾಲ್ನಟ್ ಕ್ರೀಕಿನ ಲ್ಯಾಬಿಗೆ ಹೋದ ಮೊದಲ ದಿನವೇ ನನ್ನ ಮೇಲಧಿಕಾರಿ ಹೆಲೆನ್ ನನ್ನ ತಲೆ ಮೂಸಿ ನೋಡಿದರು. "ಈ ಎಣ್ಣೆ ಬೇಡ. ಪೌಡರು, ಸೆಂಟು ಏನೂ ಬೇಡ" ಎಂದರು. ಮಂಡ್ಯದ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಮುಂದೆ ಕೂರಲೂ ಹಿಂಜರಿಯುತ್ತಿದ್ದವಳು ನಾನು. ಇಲ್ಲಿ ಅಮ್ಮನ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಬೇಕು, ಅವರು ಮೂಸಿದರೆ ಸುಮ್ಮನೆ ನಿಲ್ಲಬೇಕು.

ಅವರ ಭಯಕ್ಕೆ ಕಾರಣವಿತ್ತು. ಉತ್ತರ ಧ್ರುವದ ಹತ್ತಿರ ಒಂದು ಪಂಪು ದಿನಗಟ್ಟಲೆ ಗಾಳಿ ಎಳೆದು ಸ್ಪಂಜಿನಂಥ ಫೋಮಿನ ಮೂಲಕ ಹಾಯಿಸುತ್ತಿತ್ತು. ಆ ಫೋಮಿಗೆ ಅಂಟಿದ, ವರ್ಷಗಟ್ಟಲೆ ನಾಶವಾಗದ ಕೀಟನಾಶಕಗಳನ್ನು ಅಳೆಯುವುದು ನನ್ನ ಕೆಲಸ. ಅವು ಎಷ್ಟು ಕಡಿಮೆಯೆಂದರೆ ನಮ್ಮ ಮೈಮೇಲಿನ ಧೂಳೂ ಲೆಕ್ಕ ಕೆಡಿಸುತ್ತಿತ್ತು. ಅದಕ್ಕೇ ಪ್ರತಿ ಸಲ ಬಳಸದ ಫೋಮೊಂದನ್ನೂ ಜೊತೆಗೆ ಪರೀಕ್ಷಿಸುತ್ತಿದ್ದೆವು. ಇಲ್ಲಿಯವರು ಅದನ್ನು 'ಬ್ಲ್ಯಾಂಕು' ಎನ್ನುತ್ತಾರೆ. ಅದರಲ್ಲಿ ಏನೂ ಕಾಣಬಾರದು.

ಮೂರನೇ ತಿಂಗಳು ಬ್ಲ್ಯಾಂಕಿನಲ್ಲಿ ಬಿ.ಎಚ್.ಸಿ. ಕಾಣಿಸಿತು. ನಮ್ಮೂರಲ್ಲಿ ಇರುವೆ, ಗೆದ್ದಲಿಗೆ ಹಾಕುವ ಅದೇ ಪುಡಿ! ಧ್ರುವದ ಫೋಮಿನಲ್ಲೂ ಅದೇ ಇತ್ತು. ಹೆಲೆನ್ ಗಾಜಿನ ಪಾತ್ರೆಗಳನ್ನೆಲ್ಲ ಮತ್ತೆ ತೊಳೆಸಿದರು. ನಾನು ಮಾತ್ರ ಮೈಮೇಲಿನ ಸ್ವೆಟರು ನೋಡಿಕೊಂಡೆ. ಚಳಿಗೆಂದು ಆ ವಾರವಷ್ಟೇ ಊರಿಂದ ತಂದ ಟ್ರಂಕಿನಿಂದ ಅದನ್ನು ತೆಗೆದಿದ್ದೆ. ಹುಳ ಹಿಡಿಯದಿರಲೆಂದು ಅಮ್ಮ ಟ್ರಂಕಿನ ತಳಕ್ಕೆ ಪುಡಿ ಉದುರಿಸಿದ್ದರು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಬಂದದ್ದೇ ನನ್ನ ಕೆಲಸದ ವೀಸಾದ ಮೇಲೆ.

"ಹೆಲೆನ್‌ಗೆ ಹೇಳಿಬಿಡ್ಲೇನ್ರೀ?"

"ಸುಮ್ನಿರೇ! ಕೆಲಸದಿಂದ ತೆಗೆದ್ರೆ ಇಬ್ರೂ ಗಂಟುಮೂಟೆ ಕಟ್ಬೇಕು. ಸ್ವೆಟರು ಎಸೆದುಬಿಡು, ಅಷ್ಟೇ."

ಊರಲ್ಲಾಗಿದ್ದರೆ ಪಕ್ಕದ ಮನೆಯವರ ಹತ್ತಿರವಾದರೂ ಹೇಳಿಕೊಳ್ಳುತ್ತಿದ್ದೆ. ಇಲ್ಲಿ ಅಪಾರ್ಟ್‌ಮೆಂಟಿನ ಎದುರು ಬಾಗಿಲಿನವರ ಹೆಸರೂ ಗೊತ್ತಿರಲಿಲ್ಲ. ಶನಿವಾರ, ಭಾನುವಾರ ಅನ್ನ ಸೇರಲಿಲ್ಲ. ಸುಮ್ಮನಿದ್ದರೆ ಕೆಲಸ ಉಳಿದೀತು. ಆದರೆ ಧ್ರುವದ ಗಾಳಿಯ ಬಗ್ಗೆ ನಾವು ಬರೆಯುವುದೆಲ್ಲ ನನ್ನ ಟ್ರಂಕಿನ ಕಥೆಯಾಗಿಬಿಟ್ಟರೆ?

ಸೋಮವಾರ ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ದು, ತೊದಲುತ್ತ ಎಲ್ಲ ಹೇಳಿದೆ. ಹೆಲೆನ್ ಚೀಲ ತೆಗೆದುಕೊಂಡು ಬದಿಗಿಟ್ಟರು. ಆಮೇಲೆ, "ಮೊದಲಿಂದ ಶುರುಮಾಡೋಣ" ಎಂದರು. ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ಸ್ವೆಟರಿನ ಎಳೆಯಲ್ಲಿ ಪುಡಿ ಸಿಕ್ಕಿತು. ಹೊಸ ಬ್ಲ್ಯಾಂಕಿನಲ್ಲಿ ಏನೂ ಇರಲಿಲ್ಲ. ಕೊನೆಗೆ, ಬಿಚ್ಚದೆ ಇಟ್ಟಿದ್ದ ಧ್ರುವದ ಇನ್ನೊಂದು ಫೋಮನ್ನು ಹೆಲೆನ್ ತಾವೇ ಪರೀಕ್ಷಿಸಿದರು. ಬಿ.ಎಚ್.ಸಿ. ಅದರಲ್ಲೂ ಇತ್ತು.

"ಇದು ನಿನ್ನದಲ್ಲ, ಗಾಳಿಯಲ್ಲೇ ಬಂದದ್ದು. ಸೆಖೆಯ ದೇಶಗಳಲ್ಲಿ ಹಾಕಿದ್ದು ಆವಿಯಾಗಿ ಅಷ್ಟು ದೂರ ಹೋಗುತ್ತಿರಬಹುದು. ನಿಮ್ಮಲ್ಲಿ ಇನ್ನೂ ಬಳಸುತ್ತಾರಾ?"

ಉಳಿದುಕೊಂಡೆನೆಂಬ ಸಮಾಧಾನ ಅರೆಗಳಿಗೆಯೂ ನಿಲ್ಲಲಿಲ್ಲ. "ಬಳಸುತ್ತಾರೆ. ಮೊದಲು ನಿಮ್ಮ ದೇಶದವರೂ ಬಳಸಿದವರೇ" ಎಂದುಬಿಟ್ಟೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಹೆಲೆನ್ ತಲೆಯಾಡಿಸಿದರು: "ಹೌದು, ಬಳಸಿದೆವು."

ಆ ವಾರವೇ ಅಮ್ಮನಿಗೆ ಕಾಗದ ಬರೆದೆ: ಆ ಪುಡಿ ಮುಟ್ಟಬೇಡಿ, ಅದು ಹಿಮದ ಮೇಲೂ ಹೋಗಿ ಕೂತಿದೆ. ಉತ್ತರ ಬಂತು: "ಇಷ್ಟು ಬೇಗ ನಮ್ಮ ಗಾಳಿಯಲ್ಲಿ ಹುಳುಕು ಹುಡುಕುವಂತಾದೆಯಾ? ಆಗಲಿ. ಬಾಗಿಲ ಚೌಕಟ್ಟನ್ನು ಗೆದ್ದಲು ತಿನ್ನುತ್ತಿದೆ. ಇನ್ನೇನು ಹಾಕಲಿ, ಅದನ್ನೂ ಬರಿ."

ಹೆಲೆನ್ ಎದುರು ಊರಿನವರ ಪರ ಮಾತಾಡಿದ್ದೆ. ಅಮ್ಮನ ಎದುರು ಇಲ್ಲಿಯವರ ಪರ. ಗೆದ್ದಲಿಗೆ ಏನು ಹಾಕಬೇಕೆಂದು ನನಗೆ ತಿಳಿಯದು. ಆ ಕಾಗದಕ್ಕೆ ಇನ್ನೂ ಉತ್ತರ ಬರೆದಿಲ್ಲ.